ಇನ್ನೊಬ್ಬರ ಹೆಸರಿನ ರಿಯಾಯಿತಿ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ವರದಕ್ಷಿಣೆ, ದುಂದುವೆಚ್ಚ, ಮಕ್ಕಳ ಶಿಕ್ಷಣ ಮುಂತಾದ ವಿಷಯಗಳನ್ನು ಇಂಥ ವೇದಿಕೆಗಳಲ್ಲಿ ನಾವು ಮತ್ತೆ ಮತ್ತೆ ಚರ್ಚಿಸಿದ್ದೇವೆ. ಅವುಗಳ ಮುಂದೆ ಹೋಟೆಲ್ ಕೊಠಡಿಯ ರಿಯಾಯಿತಿಯೆಂಬುದು ತೀರಾ ಸಣ್ಣ ವಿಷಯವಾಗಿ ಕಾಣಬಹುದು. ಆದರೆ ಮನುಷ್ಯನ ಪ್ರಾಮಾಣಿಕತೆ ಪರೀಕ್ಷೆಗೊಳಗಾಗುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲೇ. ಬ್ಯಾಂಕ್ ದರೋಡೆ ಮಾಡುವ ಅವಕಾಶ ನಮ್ಮಲ್ಲಿ ಯಾರಿಗೂ ಒದಗಿ ಬರುವುದಿಲ್ಲ. ಹಾಗಾಗಿ ದರೋಡೆ ಮಾಡದಿರುವುದು ನಮ್ಮ ಪಾಲಿಗೆ ದೊಡ್ಡ ಸಾಧನೆಯೂ ಅಲ್ಲ. ಆದರೆ ಮೊಬೈಲಿನಲ್ಲಿ ನಾಲ್ಕು ಅಕ್ಷರಗಳನ್ನು ಒತ್ತಿದರೆ ಮೂರು ಸಾವಿರ ರೂಪಾಯಿ ಉಳಿಯುತ್ತದೆ ಎಂಬ ಅವಕಾಶ ಇಂದು ಮನೆ ಮನೆಗೂ ಬಂದಿದೆ.

ಇಂದು ನಮ್ಮ ಪಟ್ಟಣಗಳ ಬಹುತೇಕ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಅಳಿಯನೋ ಬೆಂಗಳೂರಿನ ಯಾವುದಾದರೊಂದು ದೊಡ್ಡ ಕಂಪೆನಿಯಲ್ಲಿದ್ದಾರೆ. ಇದು ಸಂತೋಷದ ವಿಷಯ. ಈ ಸಂತೋಷದ ಜೊತೆಗೇ ಒಂದು ಅಭ್ಯಾಸವೂ ಮೆಲ್ಲನೆ ಒಳಬಂದಿದೆ. ಮದುವೆಗೋ ಆಸ್ಪತ್ರೆಗೋ ಪ್ರವಾಸಕ್ಕೋ ಹೊರಟಾಗ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಬೀಳುತ್ತದೆ: 'ಯಾರ ಹತ್ತಿರವಾದರೂ ಕಂಪೆನಿ ಕೋಡ್ ಇದೆಯಾ?' ಸ್ವಲ್ಪ ಹೊತ್ತಿನಲ್ಲಿ ಉತ್ತರ ಬರುತ್ತದೆ. ಮಾವನ ಮಗ ಕೊಟ್ಟ ಕೋಡನ್ನು ಭಾವನ ಸ್ನೇಹಿತ ಬಳಸುತ್ತಾನೆ. ಅವನಿಂದ ಅವನ ನೆರೆಯವನಿಗೆ ಹೋಗುತ್ತದೆ. ಯಾರಿಗೂ ತಾವು ತಪ್ಪು ಮಾಡುತ್ತಿದ್ದೇವೆಂದು ಅನಿಸುವುದಿಲ್ಲ. ಆದ್ದರಿಂದಲೇ ಇದರ ಕುರಿತು ಮಾತಾಡಬೇಕಾಗಿದೆ.

ಮೊದಲು ಈ ಕೋಡ್ ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ.

ಅಂಗಡಿಯಲ್ಲಿ ಇಂದು ಮಾರಾಟವಾಗದ ಬಟ್ಟೆಯನ್ನು ನಾಳೆ ಮಾರಬಹುದು. ಹೋಟೆಲಿನ ಕೊಠಡಿ ಹಾಗಲ್ಲ. ಇಂದಿನ ರಾತ್ರಿ ಖಾಲಿ ಉಳಿದ ಕೊಠಡಿಯ ಬಾಡಿಗೆ ಮತ್ತೆಂದೂ ಬರುವುದಿಲ್ಲ. ಹಾಗಾಗಿ ಒಂದೇ ಕೊಠಡಿಯನ್ನು ಬೇರೆ ಬೇರೆ ಜನರಿಗೆ, ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಬೆಲೆಗೆ ಮಾರುವ ಪದ್ಧತಿ ಈ ಉದ್ಯಮದಲ್ಲಿ ಬೆಳೆದು ಬಂತು. 1980ರ ದಶಕದಲ್ಲಿ ಅಮೆರಿಕದ ವಿಮಾನ ಕಂಪೆನಿಗಳು ಸೀಟುಗಳನ್ನು ಮಾರುವುದಕ್ಕೆ ಕಂಡುಕೊಂಡ ಈ ಲೆಕ್ಕಾಚಾರವನ್ನು ಮ್ಯಾರಿಯಟ್‌ನಂಥ ಹೋಟೆಲ್ ಸಮೂಹಗಳು ಕೊಠಡಿಗಳಿಗೆ ಅಳವಡಿಸಿಕೊಂಡವು. ಇಂದು ಜಗತ್ತಿನ ಎಲ್ಲ ದೊಡ್ಡ ಹೋಟೆಲುಗಳೂ ಈ ದಾರಿಯಲ್ಲೇ ನಡೆಯುತ್ತಿವೆ.

ಇದರಲ್ಲಿ ಕಂಪೆನಿಗಳ ಪಾಲು ದೊಡ್ಡದು. ತನ್ನ ನೌಕರರನ್ನು ವರ್ಷವಿಡೀ ಊರೂರಿಗೆ ಕಳುಹಿಸುವ ಕಂಪೆನಿಯೊಂದು ಹೋಟೆಲಿನ ಬಳಿ ಹೀಗೆನ್ನುತ್ತದೆ: 'ನಿಮ್ಮಲ್ಲಿ ವರ್ಷಕ್ಕೆ ಇಷ್ಟು ರಾತ್ರಿಗಳ ವಾಸ್ತವ್ಯವನ್ನು ನಮ್ಮವರು ಮಾಡುತ್ತಾರೆ, ನಮಗೆ ಕಡಿಮೆ ದರ ಕೊಡಿ.' ಹೋಟೆಲುಗಳಿಂದ ದರಪಟ್ಟಿ ಕೇಳಿ, ಚೌಕಾಶಿ ಮಾಡಿ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಈ ಒಪ್ಪಂದವನ್ನು ನವೀಕರಿಸಲಾಗುತ್ತದೆ. ಕೆಲವು ಒಪ್ಪಂದಗಳಲ್ಲಿ ದರ ನಿಗದಿಯಾಗಿರುತ್ತದೆ. ಕೆಲವುಗಳಲ್ಲಿ ಆ ದಿನದ ಸಾಮಾನ್ಯ ದರದ ಮೇಲೆ ಶೇಕಡಾವಾರು ಕಡಿತವಿರುತ್ತದೆ. ಬೆಳಗಿನ ಉಪಾಹಾರ, ಇಂಟರ್ನೆಟ್, ಕೊನೆಯ ಗಳಿಗೆಯಲ್ಲಿ ರದ್ದುಪಡಿಸುವ ಸೌಲಭ್ಯ ಹೀಗೆ ಹಲವು ಅನುಕೂಲಗಳು ಅದರೊಳಗೆ ಸೇರಿರುತ್ತವೆ. ಈ ಒಪ್ಪಂದವನ್ನು ಗುರುತಿಸುವುದಕ್ಕಾಗಿ ಹೋಟೆಲ್ ಸಮೂಹವು ಕಂಪೆನಿಗೆ ಕೊಡುವ ಕೆಲವು ಅಕ್ಷರ ಅಥವಾ ಅಂಕಿಗಳೇ ಕಾರ್ಪೊರೇಟ್ ಕೋಡ್.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕೋಡ್ ಎಂಬುದು ಕಂಪೆನಿಯ ಒಪ್ಪಂದದ ಹೆಸರೇ ಹೊರತು ಎಲ್ಲರಿಗೂ ಹಂಚಿದ ಕೂಪನ್ ಅಲ್ಲ. ಹಬ್ಬದ ಸಮಯದಲ್ಲಿ ಜಾಹೀರಾತಿನೊಂದಿಗೆ ಬರುವ ರಿಯಾಯಿತಿ ಕೋಡನ್ನು ಯಾರೂ ಬಳಸಬಹುದು; ಬಳಸಲೆಂದೇ ಅದನ್ನು ಹಂಚಿರುತ್ತಾರೆ. ಕಂಪೆನಿಯ ಕೋಡ್ ಹಾಗಲ್ಲ. ಅದನ್ನು ಪರದೆಯ ಮೇಲೆ ತುಂಬಿದ ಕ್ಷಣದಲ್ಲಿ, 'ನಾನು ಈ ಕಂಪೆನಿಯವನು' ಎಂದು ನಾವು ಹೇಳಿದಂತಾಗುತ್ತದೆ. ಬಾಯಿ ಮುಚ್ಚಿಕೊಂಡು ಹೇಳಿದರೂ ಅದು ಹೇಳಿಕೆಯೇ.

'ಹಾಗಿದ್ದರೆ ಕಂಪ್ಯೂಟರ್ ಯಾಕೆ ಒಪ್ಪಿಕೊಳ್ಳುತ್ತದೆ?' ಎಂದು ಕೇಳುವವರಿದ್ದಾರೆ. ಕಂಪ್ಯೂಟರ್ ಕೋಡನ್ನು ಮಾತ್ರ ಪರಿಶೀಲಿಸುತ್ತದೆ, ಅದನ್ನು ಒತ್ತಿದವನನ್ನಲ್ಲ. ನಮ್ಮ ಸಾರಿಗೆ ಬಸ್ಸುಗಳನ್ನೇ ನೋಡಿ. ಬೇರೊಬ್ಬ ವಿದ್ಯಾರ್ಥಿಯ ಪಾಸನ್ನು ಹಿಡಿದು ಬಸ್ಸು ಹತ್ತುವುದನ್ನು ಯಾರೂ ತಡೆಯುವುದಿಲ್ಲ. ನಿರ್ವಾಹಕ ಬಂದು ಫೋಟೊ ನೋಡುವ ತನಕ ಪ್ರಯಾಣ ಸುಗಮವಾಗಿಯೇ ಇರುತ್ತದೆ. ಹೋಟೆಲಿನಲ್ಲಿ ಆ ನಿರ್ವಾಹಕನಿರುವುದು ರಿಸೆಪ್ಶನಿನಲ್ಲಿ. ಇಂಥ ದರಗಳ ಷರತ್ತಿನಲ್ಲಿ 'ಆಗಮನದ ವೇಳೆ ಅರ್ಹತೆಯ ಗುರುತು ತೋರಿಸಬೇಕಾಗಬಹುದು' ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಓದದೆ ನಾವು 'ಒಪ್ಪಿಗೆ' ಎಂದು ಗುರುತು ಹಾಕಿರುತ್ತೇವೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಒಂದು ಕುಟುಂಬ ಮದುವೆಗೆಂದು ಬೆಂಗಳೂರಿಗೆ ಹೊರಡುತ್ತದೆ. ವೃದ್ಧ ತಂದೆ ತಾಯಿ, ಇಬ್ಬರು ಗಂಡು ಮಕ್ಕಳು, ಅವರ ಹೆಂಡತಿ ಮಕ್ಕಳು. ಮೂರು ಕೊಠಡಿ, ಎರಡು ರಾತ್ರಿ. ಯಾರೋ ಕೊಟ್ಟ ಕೋಡಿನಲ್ಲಿ ಕೊಠಡಿಯೊಂದಕ್ಕೆ 5,000 ರೂಪಾಯಿಯಂತೆ ಕಾದಿರಿಸಿದ್ದಾರೆ. ಆ ದಿನದ ಸಾಮಾನ್ಯ ದರ 8,000 ರೂಪಾಯಿ. ರಾತ್ರಿ ಹತ್ತು ಗಂಟೆಗೆ ಹೋಟೆಲ್ ತಲುಪಿದಾಗ ರಿಸೆಪ್ಶನಿನ ಹುಡುಗಿ ವಿನಯದಿಂದಲೇ ಕೇಳುತ್ತಾಳೆ: 'ಸಾರ್, ಕಂಪೆನಿಯ ಐಡಿ ಕಾರ್ಡ್?'

ಕಾರ್ಡ್ ಇಲ್ಲ. ಆಗ ಹೋಟೆಲಿನವರು ಸಾಮಾನ್ಯ ದರಕ್ಕೆ ಬದಲಾಯಿಸುತ್ತಾರೆ. ಇಲ್ಲಿ ತೆರಿಗೆಯೂ ಸೇರಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಶೇ. 5 ಜಿಎಸ್‌ಟಿ, ಅದನ್ನು ಮೀರಿದರೆ ಶೇ. 18. ಅಂದರೆ ತೆರಿಗೆ ಸೇರಿ 5,250 ರೂಪಾಯಿಯಾಗಿದ್ದ ಕೊಠಡಿ ಈಗ 9,440 ರೂಪಾಯಿಯಾಗುತ್ತದೆ. ಮೂರು ಕೊಠಡಿಗೆ ಎರಡು ರಾತ್ರಿಯೆಂದರೆ 31,500 ರೂಪಾಯಿ ಇದ್ದ ಬಿಲ್ಲು 56,640 ರೂಪಾಯಿಗೆ ಏರಿತು. ವ್ಯತ್ಯಾಸ 25,140 ರೂಪಾಯಿ. ಬೇಡವೆಂದು ಹೊರಟರೆ, ರದ್ದುಪಡಿಸುವ ಗಡುವು ಮೀರಿರುವುದರಿಂದ ಒಂದು ರಾತ್ರಿಯ ಬಾಡಿಗೆ ಕೈಬಿಡಬೇಕಾಗಬಹುದು. ಹೋಟೆಲಿನಲ್ಲಿ ಬೇರೆ ಕೊಠಡಿಗಳೆಲ್ಲ ತುಂಬಿದ್ದರೆ ಆ ಹೊತ್ತಿನಲ್ಲಿ ವೃದ್ಧರನ್ನೂ ಎಳೆಯ ಮಕ್ಕಳನ್ನೂ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿ ಏರೋ ಇಂಡಿಯಾದಂಥ ದೊಡ್ಡ ಕಾರ್ಯಕ್ರಮ ನಡೆಯುವ ದಿನಗಳಲ್ಲಿ ಕೊಠಡಿ ಸಿಗುವುದೇ ಕಷ್ಟ. ಗುರುತು ಕೇಳುವ ಬಿಗಿಯೂ ಅಂಥ ದಿನಗಳಲ್ಲೇ ಹೆಚ್ಚಾಗುವುದು ಸಹಜ. ಯಾಕೆಂದರೆ ಪೂರ್ತಿ ಬೆಲೆ ಕೊಡುವ ಗಿರಾಕಿ ಹೊರಗೆ ಕಾಯುತ್ತಿರುತ್ತಾನೆ.

ಹಣದ ನಷ್ಟಕ್ಕಿಂತಲೂ ದೊಡ್ಡದು ಆ ಗಳಿಗೆಯ ಅವಮಾನ. ಮಕ್ಕಳು ನೋಡುತ್ತಿರುತ್ತಾರೆ. ಅಪ್ಪ ಏನನ್ನೋ ತಡವರಿಸುತ್ತಾ ಹೇಳುತ್ತಾನೆ. 'ಕಾರ್ಡ್ ಮನೆಯಲ್ಲಿ ಮರೆತು ಬಂದೆ' ಎನ್ನುತ್ತಾನೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು ಬೇಕಾಗುತ್ತದೆ.

ಇಂಥ ಸಂದರ್ಭದಲ್ಲಿ ಗ್ರಾಹಕನಿಗೆ ಎಲ್ಲಿಯೂ ದೂರು ಕೊಡುವ ನೈತಿಕ ಬಲವಿರುವುದಿಲ್ಲ ಎಂಬುದನ್ನೂ ನೆನಪಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮಗೆ ಹಲವು ಹಕ್ಕುಗಳನ್ನು ಕೊಟ್ಟಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಕೊಠಡಿ ಕೊಳಕಾಗಿದ್ದರೆ, ಕೊಟ್ಟ ಮಾತಿನಂತೆ ಸೌಲಭ್ಯ ಇರದಿದ್ದರೆ ನಾವು ಧೈರ್ಯದಿಂದ ಕೇಳಬಹುದು. ಆದರೆ ದರದ ಷರತ್ತನ್ನು ಸ್ವತಃ ಮುರಿದವನು ಯಾವ ಮುಖ ಹೊತ್ತು ನ್ಯಾಯ ಕೇಳಬೇಕು? ನ್ಯಾಯ ಕೇಳುವವನ ಕೈ ಸ್ವಚ್ಛವಿರಬೇಕೆಂಬುದು ನ್ಯಾಯಾಲಯಗಳ ಹಳೆಯ ತತ್ವ.

ಇದಿಷ್ಟೂ ಕೋಡ್ ಬಳಸಿದವನ ಕಷ್ಟ. ಕೋಡ್ ಕೊಟ್ಟವನ ಕಷ್ಟ ಇದಕ್ಕಿಂತ ಗಂಭೀರವಾದುದು.

ಕೋಡ್ ಕೊಟ್ಟ ಹುಡುಗ 'ಕಂಪೆನಿಗೆ ಹೇಗೆ ಗೊತ್ತಾಗುತ್ತದೆ?' ಎಂದುಕೊಂಡಿರುತ್ತಾನೆ. ಗೊತ್ತಾಗುವ ದಾರಿಗಳು ಹಲವು. ಒಪ್ಪಂದವನ್ನು ನವೀಕರಿಸುವಾಗ, ಕೋಡಿನ ಅಡಿಯಲ್ಲಿ ಎಷ್ಟು ರಾತ್ರಿಗಳ ವಾಸ್ತವ್ಯ ನಡೆಯಿತೆಂಬ ಲೆಕ್ಕವನ್ನು ಹೋಟೆಲಿನವರು ಕಂಪೆನಿಯ ಮುಂದಿಡುತ್ತಾರೆ. ಕಂಪೆನಿಯ ಪ್ರಯಾಣ ವಿಭಾಗದ ಬಳಿ ತನ್ನ ನೌಕರರ ಪ್ರಯಾಣದ ಲೆಕ್ಕ ಬೇರೆಯೇ ಇರುತ್ತದೆ. ಎರಡೂ ತಾಳೆಯಾಗದಿದ್ದಾಗ ಪ್ರಶ್ನೆ ಏಳುತ್ತದೆ. ಕಂಪೆನಿಯ ಯಾವ ಕೆಲಸವೂ ಇಲ್ಲದ ಊರಿನ ಹೋಟೆಲಿನಲ್ಲಿ ರಜಾದಿನಗಳಲ್ಲಿ ವಾಸ್ತವ್ಯಗಳು ಕಂಡುಬಂದರೆ ಅನುಮಾನಕ್ಕೆ ಬೇರೆ ಕಾರಣ ಬೇಕೇ? ಇನ್ನು ಬಿಲ್ಲಿನಲ್ಲಿ ಕಂಪೆನಿಯ ಜಿಎಸ್‌ಟಿ ಸಂಖ್ಯೆ ಸೇರಿಕೊಂಡರೆ ವಿಷಯ ಇನ್ನೂ ಬೇಗ ಬಯಲಾಗುತ್ತದೆ. ಹೋಟೆಲಿನವರು ತೆರಿಗೆ ವಿವರವನ್ನು ಸಲ್ಲಿಸಿದಾಗ ಆ ಬಿಲ್ಲು ಕಂಪೆನಿಯ ಜಿಎಸ್‌ಟಿ ಖಾತೆಯ ವಿವರಪಟ್ಟಿಯಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಲೆಕ್ಕಪತ್ರ ವಿಭಾಗದವರು ಕೇಳುತ್ತಾರೆ: 'ಇದು ಯಾರ ಪ್ರಯಾಣ?'

ಆಗ ತನಿಖೆ ಕೋಡನ್ನು ಹೊರಗೆ ಕೊಟ್ಟವನ ಬಳಿಗೆ ಬರುತ್ತದೆ. ದೊಡ್ಡ ಕಂಪೆನಿಗಳಲ್ಲಿ ಕೆಲಸಕ್ಕೆ ಸೇರುವಾಗಲೇ ನಡವಳಿಕೆಯ ನಿಯಮಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಂಪೆನಿಯ ಸೌಲಭ್ಯವನ್ನು ಹೊರಗಿನವರಿಗೆ ಹಂಚುವುದು ಆ ನಿಯಮಗಳ ಉಲ್ಲಂಘನೆ. ಎಚ್ಚರಿಕೆಯ ಪತ್ರದಿಂದ ಹಿಡಿದು ಕೆಲಸದಿಂದ ತೆಗೆದುಹಾಕುವ ತನಕ ಕ್ರಮ ಜರುಗಿಸುವ ಅಧಿಕಾರ ಕಂಪೆನಿಗಿದೆ. ಹಾಗೆ ಹೊರಬಂದವನಿಗೆ ಮುಂದಿನ ಕೆಲಸವೂ ಸುಲಭವಾಗಿ ಸಿಗುವುದಿಲ್ಲ. ಹೊಸ ಕಂಪೆನಿಯವರು ಹಳೆಯ ಕಂಪೆನಿಯನ್ನು ವಿಚಾರಿಸಿಯೇ ಸೇರಿಸಿಕೊಳ್ಳುತ್ತಾರೆ.

ತಂದೆ ಆಟೋ ಓಡಿಸಿ, ತಾಯಿ ಬೀಡಿ ಕಟ್ಟಿ, ಅಕ್ಕನ ಬಳೆ ಅಡವಿಟ್ಟು ಓದಿಸಿದ ಹುಡುಗ ಅವನು. ಆ ಮನೆಯಲ್ಲಿ ಕಂಪೆನಿಯ ಕೆಲಸಕ್ಕೆ ಸೇರಿದ ಮೊದಲನೆಯವನು. ಅವನ ಸಂಬಳದಿಂದ ತಂಗಿಯ ಓದು ನಡೆಯುತ್ತಿದೆ. ಸಂಬಂಧಿಕರು ಕೇಳಿದಾಗ ಇಲ್ಲವೆನ್ನಲು ಅವನಿಗೆ ಸಂಕೋಚ. 'ದೊಡ್ಡವನಾಗಿಬಿಟ್ಟ, ಒಂದು ಕೋಡ್ ಕೇಳಿದರೂ ಕೊಡಲಿಲ್ಲ' ಎಂಬ ಮಾತಿಗೆ ಅಂಜುತ್ತಾನೆ. ಆದ್ದರಿಂದ ನಾನು ಕೊಡುವವರಿಗಿಂತ ಮೊದಲು ಕೇಳುವವರಿಗೆ ಹೇಳಬಯಸುತ್ತೇನೆ. ಹಿರಿಯರೇ, ನಿಮ್ಮ ಮೂರು ಸಾವಿರ ರೂಪಾಯಿಯ ಉಳಿತಾಯಕ್ಕಾಗಿ ಆ ಹುಡುಗನ ಅನ್ನವನ್ನು ಪಣಕ್ಕಿಡಬೇಡಿ. ಅವನು ಇಲ್ಲವೆಂದರೆ ಅದು ಅಹಂಕಾರವಲ್ಲ, ತನ್ನ ಕೈಗೆ ಒಪ್ಪಿಸಿದ್ದನ್ನು ಕಾಪಾಡುವ ಎಚ್ಚರ. ಅಮಾನತ್ ಎಂಬ ಪದ ನಮ್ಮ ಮನೆಗಳಲ್ಲಿ ಹೊಸದಲ್ಲ. ನೆರೆಮನೆಯವರು ಇಟ್ಟು ಹೋದ ಒಡವೆಗೆ ಮಾತ್ರ ಅದು ಅನ್ವಯಿಸುತ್ತದೆಯೆಂದೂ, ಕಂಪೆನಿ ಒಪ್ಪಿಸಿದ ಕೋಡಿಗೆ ಅನ್ವಯಿಸುವುದಿಲ್ಲವೆಂದೂ ವಾದಿಸುವುದು ಹೇಗೆ?

ಹೋಟೆಲ್ ಸಮೂಹಗಳಲ್ಲೇ ಕೆಲಸ ಮಾಡುವ ನಮ್ಮ ಯುವಕರೂ ಅನೇಕರಿದ್ದಾರೆ. ಇಲ್ಲಿಯೂ ಇದ್ದಾರೆ, ಗಲ್ಫಿನಲ್ಲೂ ಇದ್ದಾರೆ. ತಮ್ಮ ಸಿಬ್ಬಂದಿಗೂ ಅವರ ಬಂಧುಮಿತ್ರರಿಗೂ ಪ್ರತ್ಯೇಕ ರಿಯಾಯಿತಿ ದರ ಕೊಡುವ ಪದ್ಧತಿ ದೊಡ್ಡ ಸಮೂಹಗಳಲ್ಲಿದೆ. ಅದು ನೌಕರನಿಗೆ ಕೊಟ್ಟ ಗೌರವ. ಮ್ಯಾರಿಯಟ್‌ನಂಥ ಸಮೂಹಗಳಲ್ಲಿ ಇದಕ್ಕೆ ನೌಕರನ ಮೂಲಕ ಪಡೆದ ಅಧಿಕೃತ ಪತ್ರವನ್ನು ರಿಸೆಪ್ಶನಿನಲ್ಲಿ ತೋರಿಸಬೇಕು. ಈ ಪತ್ರಗಳನ್ನು ಪರಿಚಯವೇ ಇಲ್ಲದವರಿಗೆ ಕೊಡುವುದು, ಹಣಕ್ಕೆ ಮಾರುವುದು ಸೌಲಭ್ಯವನ್ನಷ್ಟೇ ಅಲ್ಲ, ಕೆಲಸವನ್ನೂ ಕಳೆದುಕೊಳ್ಳುವ ದಾರಿ. ಗಲ್ಫಿನಲ್ಲಿ ಕೆಲಸ ಹೋಯಿತೆಂದರೆ ಅದರೊಂದಿಗೆ ವೀಸಾದ ಪ್ರಶ್ನೆಯೂ ಬರುತ್ತದೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಇನ್ನು ಕಾನೂನಿನ ವಿಷಯ. ಕೋಡ್ ಬಳಸಿದವರೆಲ್ಲರ ಮೇಲೆ ಪೊಲೀಸ್ ಪ್ರಕರಣ ದಾಖಲಾಗುತ್ತದೆ ಎಂದು ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಹೋಟೆಲಿನವರು ದರ ಬದಲಾಯಿಸಿ ಸುಮ್ಮನಾಗುತ್ತಾರೆ. ಆದರೆ ಅಪಾಯದ ಗೆರೆ ಎಲ್ಲಿದೆಯೆಂದು ತಿಳಿದಿರಬೇಕು. ಕಾರ್ಡ್ ಕೇಳುತ್ತಾರೆಂಬ ಭಯದಿಂದ ಕೆಲವರು ಗೆಳೆಯನ ಐಡಿ ಕಾರ್ಡಿನ ಚಿತ್ರಕ್ಕೆ ತಮ್ಮ ಮುಖವನ್ನು ಅಂಟಿಸುತ್ತಾರೆ. ಕಂಪೆನಿಯ ಹೆಸರಿನ ಪತ್ರವನ್ನು ಕಂಪ್ಯೂಟರಿನಲ್ಲಿ ತಯಾರಿಸುತ್ತಾರೆ. ಆ ಕ್ಷಣದಲ್ಲಿ ವಿಷಯ ರಿಯಾಯಿತಿಯದ್ದಾಗಿ ಉಳಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ವಂಚನೆಗೆ, 319ನೇ ಸೆಕ್ಷನ್ ಬೇರೊಬ್ಬನಂತೆ ನಟಿಸಿ ವಂಚಿಸುವುದಕ್ಕೆ, 336ನೇ ಸೆಕ್ಷನ್ ನಕಲಿ ದಾಖಲೆ ಸೃಷ್ಟಿಗೆ ಸಂಬಂಧಿಸಿವೆ. ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಬೇರೊಬ್ಬನಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನಿನ ಪ್ರಕಾರ ಮೂರು ವರ್ಷಗಳ ತನಕ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ತನಕ ದಂಡ ವಿಧಿಸಬಹುದು. ಹೋಟೆಲಿನಲ್ಲಿ ನಾವು ಕೊಡುವ ಆಧಾರ್ ಅಥವಾ ಚಾಲನಾ ಪರವಾನಗಿಯ ಪ್ರತಿ ಅಲ್ಲಿಯೇ ಉಳಿದಿರುತ್ತದೆ. ನಮ್ಮ ವಿರುದ್ಧದ ಸಾಕ್ಷ್ಯವನ್ನು ನಾವೇ ಸಹಿ ಹಾಕಿ ಕೊಟ್ಟು ಬಂದಿರುತ್ತೇವೆ. ನಮ್ಮ ಕಾಲದಲ್ಲಿ, ಅದರಲ್ಲೂ ನಮ್ಮ ಹೆಸರುಗಳಿಗೆ, ನಕಲಿ ಗುರುತಿನೊಂದಿಗೆ ಹೋಟೆಲಿನಲ್ಲಿ ಸಿಕ್ಕಿಬೀಳುವುದೆಂದರೆ ಏನೆಂಬುದನ್ನು ನಾನು ಬಿಡಿಸಿ ಹೇಳುವ ಅಗತ್ಯವಿಲ್ಲ. ಹತ್ತು ರೂಪಾಯಿಯ ತಪ್ಪಿಗೆ ಹತ್ತು ಸಾವಿರದ ಸುದ್ದಿ ಸಿದ್ಧವಾಗಿರುತ್ತದೆ.

ಮತ್ತೊಂದು ಅಪಾಯ ಕೋಡ್ ಮಾರುವವರದ್ದು. ಬೇಡಿಕೆಯಿದ್ದಲ್ಲಿ ವ್ಯಾಪಾರಿ ಹುಟ್ಟಿಕೊಳ್ಳುತ್ತಾನೆ. 'ಐಷಾರಾಮಿ ಹೋಟೆಲ್ ಅರ್ಧ ಬೆಲೆಗೆ, ಕಂಪೆನಿ ದರದಲ್ಲಿ ನಾವೇ ಬುಕ್ ಮಾಡಿ ಕೊಡುತ್ತೇವೆ' ಎಂದು ಟೆಲಿಗ್ರಾಂ, ವಾಟ್ಸ್ಆ್ಯಪ್‌ಗಳಲ್ಲಿ ಸಂದೇಶ ಕಳುಹಿಸಿ, ಯುಪಿಐ ಮೂಲಕ ಹಣ ಪಡೆದು ಕಣ್ಮರೆಯಾಗುವವರಿದ್ದಾರೆ. ಕೆಲವರು ಬುಕ್ಕಿಂಗ್ ಮಾಡಿದ ದಾಖಲೆ ತೋರಿಸುತ್ತಾರೆ. ಹಣ ಬಂದ ಬಳಿಕ ಅದನ್ನು ರದ್ದುಪಡಿಸುತ್ತಾರೆ. ಕಂಪೆನಿ ದರಗಳಿಗೆ ಮುಂಗಡ ಹಣ ಕಟ್ಟದೆಯೂ ಕಾದಿರಿಸುವ, ಕೊನೆಯ ತನಕ ರದ್ದುಪಡಿಸುವ ಸೌಲಭ್ಯ ಹೆಚ್ಚಾಗಿ ಇರುವುದೇ ಅವರಿಗೆ ವರದಾನ. ನಮ್ಮ ಕೈಯಲ್ಲಿ ಉಳಿಯುವುದು ಒಂದು ಹಾಳೆ ಮಾತ್ರ. ಇಂಥ ಮೋಸಕ್ಕೆ ಸಿಲುಕಿದವರು ತಡಮಾಡದೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆದರೆ ಹೆಚ್ಚಿನವರು ದೂರು ಕೊಡಲು ಹಿಂಜರಿಯುತ್ತಾರೆ. ಕಳ್ಳಮಾರ್ಗದಲ್ಲಿ ಹೋಗಿ ಕಳಕೊಂಡವನ ನಾಲಗೆಗೆ ಬೀಗ ಬಿದ್ದಿರುತ್ತದೆ. ವಂಚಕನ ನಿಜವಾದ ಬಂಡವಾಳ ಈ ಮೌನವೇ.

ಈಗ ನೀವು ಕೇಳಬಹುದಾದ ಕೆಲವು ಪ್ರಶ್ನೆಗಳಿಗೆ ಬರೋಣ.

'ಕೊಠಡಿ ಹೇಗೂ ಖಾಲಿಯಿತ್ತು. ಹೋಟೆಲಿಗೆ ಗಿರಾಕಿ ಸಿಕ್ಕಿದ. ಕಂಪೆನಿಯ ಲೆಕ್ಕಕ್ಕೆ ಒಂದು ರಾತ್ರಿ ಸೇರಿತು. ಯಾರಿಗೆ ನಷ್ಟ?' ಕೇಳಲು ಚೆಂದದ ವಾದ. ಆದರೆ ಕೊಠಡಿ ಖಾಲಿ ಉಳಿಯುತ್ತದೆಯೇ ಇಲ್ಲವೇ, ಅದನ್ನು ಎಷ್ಟಕ್ಕೆ ಕೊಡಬೇಕು ಎಂದು ನಿರ್ಧರಿಸುವ ಹಕ್ಕು ಅದರ ಮಾಲಕನದ್ದು. ಸಂಜೆಯಾದರೂ ಮಾರಾಟವಾಗದ ಮೀನನ್ನು ಅರ್ಧ ಬೆಲೆಗೆ ಕೊಡುವ ಸ್ವಾತಂತ್ರ್ಯ ಮೀನು ಮಾರುವವಳಿಗಿದೆ. 'ಹೇಗೂ ಹಾಳಾಗುತ್ತಿತ್ತು' ಎಂದು ನಾವೇ ಬುಟ್ಟಿಗೆ ಕೈಹಾಕುವಂತಿಲ್ಲ. ಅಲ್ಲದೆ, ಹೊರಗಿನವರ ಬಳಕೆ ಹೆಚ್ಚಿದಂತೆ ಮುಂದಿನ ಒಪ್ಪಂದದಲ್ಲಿ ಹೋಟೆಲಿನವರು ದರ ಏರಿಸುತ್ತಾರೆ, ರಜಾದಿನಗಳನ್ನು ಹೊರಗಿಡುತ್ತಾರೆ, ಷರತ್ತುಗಳನ್ನು ಬಿಗಿಗೊಳಿಸುತ್ತಾರೆ. ಅದರ ಭಾರ ಬೀಳುವುದು ನಿಜವಾದ ಕೆಲಸಕ್ಕೆ ಹೋಗುವ ನೌಕರನ ಮೇಲೆ.

'ಸಾವಿರಾರು ಕೋಟಿ ಸಾಲ ಪಡೆದು ದೇಶ ಬಿಟ್ಟು ಓಡಿಹೋದವರಿದ್ದಾರೆ. ನಮ್ಮ ಮೂರು ಸಾವಿರ ಯಾವ ಲೆಕ್ಕ?' ಎಂಬುದು ಇನ್ನೊಂದು ಪ್ರಶ್ನೆ. ಈ ಸಿಟ್ಟು ನ್ಯಾಯವಾದುದೇ. ಆದರೆ ಈ ಸಿಟ್ಟು ನಮ್ಮನ್ನು ಎಲ್ಲಿಗೆ ಕೊಂಡೊಯ್ಯಬೇಕು? ದೊಡ್ಡವರನ್ನು ಪ್ರಶ್ನಿಸುವಲ್ಲಿಗೋ, ಅವರನ್ನು ಅನುಕರಿಸುವಲ್ಲಿಗೋ? ಭ್ರಷ್ಟಾಚಾರದ ವಿರುದ್ಧ ಮಾತಾಡುವ ಬಾಯಿ ಮೊದಲು ತನ್ನ ತುತ್ತನ್ನು ನೋಡಿಕೊಳ್ಳಬೇಕು. ಕೋಟಿ ನುಂಗಿದವನೂ ಒಂದು ಕಾಲದಲ್ಲಿ ಸಾವಿರದಿಂದಲೇ ಆರಂಭಿಸಿರುತ್ತಾನೆ. ಅವನಿಗೂ ಆಗ 'ಇದು ಯಾವ ಲೆಕ್ಕ' ಎಂದೇ ಅನಿಸಿರುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಈ ದರ ವ್ಯವಸ್ಥೆಯಲ್ಲಿ ಅಸಮಾನತೆ ಇದೆ. ಸಾವಿರಾರು ಕೋಟಿ ವ್ಯವಹಾರದ ಕಂಪೆನಿಯ ಅಧಿಕಾರಿ 5,000 ರೂಪಾಯಿಗೆ ಮಲಗುವ ಕೊಠಡಿಯಲ್ಲಿ, ಮಗಳ ಚಿಕಿತ್ಸೆಗೆಂದು ಬಂದ ಸಣ್ಣ ವ್ಯಾಪಾರಿ 8,000 ರೂಪಾಯಿ ಕೊಟ್ಟು ಮಲಗಬೇಕು. ಉಳ್ಳವನಿಗೆ ಅಗ್ಗ, ಇಲ್ಲದವನಿಗೆ ತುಟ್ಟಿ. ಮಾರುಕಟ್ಟೆಯ ಈ ಗುಣವನ್ನು ನಾವು ಟೀಕಿಸಬೇಕು, ಚರ್ಚಿಸಬೇಕು. ಆದರೆ ಸುಳ್ಳು ಹೇಳಿ ಒಂದು ರಾತ್ರಿಯ ಮಟ್ಟಿಗೆ ಉಳ್ಳವನ ಸಾಲಿನಲ್ಲಿ ಸೇರಿಕೊಳ್ಳುವುದರಿಂದ ಆ ಅಸಮಾನತೆ ಕಡಿಮೆಯಾಗುವುದಿಲ್ಲ. ಕಂಪೆನಿಗಳು ಗಳಿಸಿದ್ದು ಒಟ್ಟಾಗಿ ಚೌಕಾಶಿ ಮಾಡುವ ಶಕ್ತಿಯಿಂದ. ಆ ಶಕ್ತಿ ನಮಗೂ ನಿಷಿದ್ಧವಲ್ಲ.

ಹಾಗಾದರೆ ಸರಿಯಾದ ದಾರಿಗಳೇನು?

ಮೊದಲನೆಯದಾಗಿ, ಕೇಳಿ ತಿಳಿದುಕೊಳ್ಳುವುದು. ಎಲ್ಲ ಕಂಪೆನಿಗಳೂ ಕೋಡನ್ನು ಕೆಲಸದ ಪ್ರಯಾಣಕ್ಕೆ ಮಾತ್ರ ಮೀಸಲಿಡುವುದಿಲ್ಲ. ನೌಕರನು ತನ್ನ ಸ್ವಂತ ಪ್ರವಾಸಕ್ಕೂ ಬಳಸಬಹುದೆಂದು ಅನುಮತಿಸುವ ಒಪ್ಪಂದಗಳಿವೆ. ಕೆಲವು ಕಡೆ ಸ್ವಂತ ಪ್ರವಾಸಕ್ಕೆ ಬೇರೆಯೇ ಕೋಡ್ ಇರುತ್ತದೆ. ನಿಮ್ಮ ಮಗ ಮಾನವ ಸಂಪನ್ಮೂಲ ವಿಭಾಗಕ್ಕೋ ಪ್ರಯಾಣ ವಿಭಾಗಕ್ಕೋ ಒಂದು ಇಮೇಲ್ ಕಳುಹಿಸಿ ಮೂರು ಪ್ರಶ್ನೆ ಕೇಳಲಿ: ಸ್ವಂತ ಪ್ರವಾಸಕ್ಕೆ ಬಳಸಬಹುದೇ? ಕುಟುಂಬದ ಸದಸ್ಯರು ನಾನಿಲ್ಲದೆ ಬಳಸಬಹುದೇ? ಹೋಟೆಲಿನಲ್ಲಿ ಏನನ್ನು ತೋರಿಸಬೇಕು? ಉತ್ತರ 'ಹೌದು' ಎಂದಾದರೆ ನಿಶ್ಚಿಂತೆಯಿಂದ ಬಳಸಿ, ಆ ಉತ್ತರವನ್ನು ಜೋಪಾನವಾಗಿಡಿ. 'ಇಲ್ಲ' ಎಂದಾದರೆ ಅಲ್ಲಿಗೆ ಮುಗಿಯಿತು.

ಎರಡನೆಯದಾಗಿ, ಕಂಪೆನಿಯ ದರವೇ ಯಾವಾಗಲೂ ಅಗ್ಗವೆಂಬ ಭ್ರಮೆಯನ್ನು ಬಿಡಬೇಕು. ಬೆಂಗಳೂರಿನ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಹೋಟೆಲುಗಳು ತುಂಬುವುದು ಕೆಲಸದ ದಿನಗಳಲ್ಲಿ. ಶನಿವಾರ, ಭಾನುವಾರಗಳಲ್ಲಿ ಅವುಗಳ ಸಾಮಾನ್ಯ ದರವೇ ಇಳಿಯುವುದುಂಟು. ಕೆಲವೊಮ್ಮೆ ಕಂಪೆನಿಯ ನಿಗದಿತ ದರಕ್ಕಿಂತಲೂ ಕಡಿಮೆಯಾಗುತ್ತದೆ. ಮಡಿಕೇರಿ, ಊಟಿಯಂಥ ಪ್ರವಾಸಿ ತಾಣಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ವಾರದ ನಡುವೆ ಹೋದರೆ ಅಗ್ಗ. ಹೋಟೆಲ್ ಸಮೂಹಗಳ ಸದಸ್ಯತ್ವ ಹೆಚ್ಚಾಗಿ ಉಚಿತ. ಸದಸ್ಯರಿಗೆ ಪ್ರತ್ಯೇಕ ದರವಿರುತ್ತದೆ. ದಿನಾಂಕ ಖಚಿತವಿದ್ದರೆ ಮುಂಗಡ ಪಾವತಿಯ ದರ ಇನ್ನೂ ಕಡಿಮೆ. ಆದರೆ ಅದು ಹಿಂದಿರುಗದ ಹಣವೆಂಬುದನ್ನು ನೆನಪಿಡಬೇಕು. ಇನ್ನು ಇಂಥ ಸದಸ್ಯತ್ವದಲ್ಲಿ ವರ್ಷಗಟ್ಟಲೆ ಕೂಡಿಟ್ಟ ಅಂಕಗಳನ್ನು ಅನರ್ಹ ದರ ಬಳಸಿದ ಕಾರಣಕ್ಕೆ ರದ್ದುಪಡಿಸುವ ಅಧಿಕಾರವನ್ನೂ ಹೋಟೆಲ್ ಸಮೂಹಗಳು ತಮ್ಮ ನಿಯಮಗಳಲ್ಲಿ ಇಟ್ಟುಕೊಂಡಿರುತ್ತವೆ.

ಮೂರನೆಯದಾಗಿ, ಒಟ್ಟಾಗಿ ಕೇಳುವುದು. ಮದುವೆಗೆಂದು ಹೋಗುವಾಗ ಆರು ಮನೆಯವರು ಆರು ಕಡೆ ಕೋಡ್ ಹುಡುಕುವ ಬದಲು ಒಬ್ಬರು ಹೋಟೆಲಿಗೆ ನೇರವಾಗಿ ಫೋನ್ ಮಾಡಲಿ. ಸಾಮಾನ್ಯವಾಗಿ ಹತ್ತು ಕೊಠಡಿಗಳಷ್ಟಾದರೆ ಗುಂಪಿನ ದರವನ್ನು ಹೋಟೆಲಿನವರೇ ಕೊಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೂ ಮ್ಯಾನೇಜರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಊರಿನ ಸಣ್ಣ ವ್ಯಾಪಾರಿಗಳ ಸಂಘಗಳು, ಶಾಲಾ ಸಂಸ್ಥೆಗಳು ವರ್ಷಕ್ಕೆ ಎಷ್ಟೋ ಬಾರಿ ಬೆಂಗಳೂರಿಗೆ ಹೋಗಿಬರುತ್ತವೆ. ಅವು ತಮ್ಮ ಹೆಸರಿನಲ್ಲೇ ಒಂದು ಹೋಟೆಲಿನೊಂದಿಗೆ ದರ ಒಪ್ಪಂದ ಮಾಡಿಕೊಳ್ಳಲು ಅಡ್ಡಿಯೇನು? ಆಗ ನಮ್ಮದೇ ಹೆಸರಿನ ರಿಯಾಯಿತಿ ನಮಗೆ ಸಿಗುತ್ತದೆ. ಇದಾವುದೂ ಆಗದಿದ್ದರೆ ನಮ್ಮ ಕಿಸೆಗೆ ಹೊಂದುವ ಹೋಟೆಲನ್ನು ಆರಿಸಿಕೊಳ್ಳೋಣ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಿವೆ, ಸ್ವಚ್ಛವಾದ ಸಾಧಾರಣ ವಸತಿಗೃಹಗಳಿವೆ. ಐಷಾರಾಮಿ ಹೋಟೆಲಿನಲ್ಲಿ ತಂಗಲೇಬೇಕೆಂಬ ಒತ್ತಾಯವನ್ನು ನಮ್ಮ ಮೇಲೆ ಯಾರೂ ಹೇರಿಲ್ಲ. ಫೋಟೊ ಹಾಕಿ ತೋರಿಸುವ ಹಂಬಲವೇ ಅನೇಕ ಬಾರಿ ನಮ್ಮನ್ನು ಇನ್ನೊಬ್ಬರ ಕೋಡಿನ ಬೆನ್ನು ಹತ್ತಿಸುತ್ತದೆ.

ಸಹೋದರಿಯರಲ್ಲಿ ಒಂದು ವಿಶೇಷ ವಿನಂತಿ. ಪ್ರವಾಸದ ಸಿದ್ಧತೆಯಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ. 'ಕಡಿಮೆಗೆ ಸಿಕ್ಕಿತು' ಎಂದು ಗಂಡನೋ ಮಗನೋ ಹೇಳಿದಾಗ 'ಹೇಗೆ ಸಿಕ್ಕಿತು?' ಎಂದು ಒಂದು ಮಾತು ಕೇಳಿ. ಮಾಂಸದಂಗಡಿಯಲ್ಲಿ ಕೇಳುವ ಪ್ರಶ್ನೆಯನ್ನು ಮೊಬೈಲಿನ ಮುಂದೆಯೂ ಕೇಳುವ ಅಭ್ಯಾಸ ನಮಗೆ ಬರಬೇಕು.

ಯುವಕರಲ್ಲಿ ಹೇಳುವುದಿಷ್ಟೆ. ನೀವು ಕುಳಿತಿರುವ ಕುರ್ಚಿಯ ಕಡೆಗೆ ನಿಮ್ಮ ಊರಿನ ಹತ್ತು ಮಕ್ಕಳು ನೋಡುತ್ತಿದ್ದಾರೆ. ಅವರು ನಾಳೆ ಅದೇ ಕಂಪೆನಿಯ ಬಾಗಿಲಿಗೆ ಬಂದಾಗ, ಅಲ್ಲಿ ನಿಮ್ಮ ಬಗ್ಗೆ ಒಳ್ಳೆಯ ಮಾತಿದ್ದರೆ ಅದೇ ಅವರಿಗೆ ದೊಡ್ಡ ಶಿಫಾರಸು. ನಿಮಗೆ ಒಪ್ಪಿಸಿದ ಕೋಡ್, ಪಾಸ್‌ವರ್ಡ್, ಐಡಿ ಕಾರ್ಡ್ ಯಾವುದೂ ನಿಮ್ಮ ಸ್ವಂತದ್ದಲ್ಲ. ಅದನ್ನು ಕೇಳಿದವರಿಗೆ ಪ್ರೀತಿಯಿಂದ, ಆದರೆ ಸ್ಪಷ್ಟವಾಗಿ, 'ಮಾವ, ಅದು ನನ್ನದಲ್ಲ, ಕಂಪೆನಿಯದ್ದು. ಬೇರೆ ಒಳ್ಳೆಯ ದರ ಹುಡುಕಿ ಕೊಡುತ್ತೇನೆ' ಎಂದು ಹೇಳಿ. ನಿಜವಾಗಿಯೂ ಹುಡುಕಿಕೊಡಿ. ಆಗ ಸಂಬಂಧವೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ಇಂದು ಮನೆಗೆ ಹೋದ ಬಳಿಕ ಪ್ರತಿಯೊಬ್ಬರೂ ತಮ್ಮ ಮೊಬೈಲನ್ನೊಮ್ಮೆ ತೆರೆದು ನೋಡಲಿ. ಯಾವುದೋ ಕಂಪೆನಿಯ ಕೋಡ್ ಅಲ್ಲಿದ್ದರೆ, ಅದಕ್ಕೆ ತಮಗೆ ಹಕ್ಕಿಲ್ಲದಿದ್ದರೆ, ಅಳಿಸಿಬಿಡಲಿ. ಮುಂದೆ ಯಾರಿಗೂ ಕಳುಹಿಸದಿರಲಿ. ನಾಲ್ಕು ಅಕ್ಷರಗಳನ್ನು ಅಳಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕಳಕೊಂಡ ವಿಶ್ವಾಸವನ್ನು ಮರಳಿ ಗಳಿಸಲು ಮಾತ್ರ ಬಹಳ ಕಾಲ ಬೇಕಾಗುತ್ತದೆ.